ಮುಲಾಮಿನ ಶುಕ್ರವಾರಗಳು

ನಮ್ಮ ಹೈಸ್ಕೂಲಿನಲ್ಲಿ ಶುಕ್ರವಾರದ ಕೊನೆಯ ಪೀರಿಯಡ್ ಆಟದ್ದು. ಮಿಕ್ಕವರಿಗೆ ಅದು ಹಬ್ಬ. ನನಗೆ ಗುರುವಾರ ಸಂಜೆಯಿಂದಲೇ ಅದರ ಭಯ. ಖೋ ಖೋ ಶುರುವಾಗುವ ಮೊದಲು ಇಬ್ಬರು ಲೀಡರುಗಳು ತಮ್ಮ ತಮ್ಮ ಕಡೆಗೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದುಕೊಳ್ಳುತ್ತಾರೆ. ಕೊನೆಗೆ ಉಳಿಯುವವಳು ನಾನು. "ತನುಜನ್ನ ನೀವೇ ಇಟ್ಕೊಳ್ರೇ" ಎಂದು ಒಂದು ಕಡೆಯ ಲೀಡರ್ ಭಾನುಪ್ರಿಯಾ ಹೇಳುತ್ತಾಳೆ. "ಬೇಡಮ್ಮ, ನೀವೇ ಇಟ್ಕೊಳ್ಳಿ" ಎಂದು ಆ ಕಡೆಯವರು. ಮದುವೆ ಮನೆಯಲ್ಲಿ ಮಿಕ್ಕ ಸಾರನ್ನೂ ಜನ ಇದಕ್ಕಿಂತ ಮರ್ಯಾದೆಯಿಂದ ಹಂಚಿಕೊಳ್ಳುತ್ತಾರೆ.

ಒಂಬತ್ತನೇ ಕ್ಲಾಸಿನ ದಸರಾ ರಜೆ ಮುಗಿದ ಮೇಲೆ ನಾನೊಂದು ಉಪಾಯ ಕಂಡುಕೊಂಡೆ. ಕೊನೆಯ ಪೀರಿಯಡ್‌ಗೆ ಮುಂಚೆ ಬಾತ್‌ರೂಮಿಗೆ ಹೋಗಿ ಎರಡೂ ಮೊಣಕಾಲಿಗೆ ನೋವಿನ ಮುಲಾಮು ಬಳಿದುಕೊಳ್ಳುವುದು. ವಾಸನೆ ಹತ್ತಡಿ ದೂರಕ್ಕೆ ಹೊಡೆಯುತ್ತಿತ್ತು. ಪಿ.ಟಿ. ಮಾಸ್ಟರ್ ರಾಮಾಂಜಿನಪ್ಪ ಸರ್ ಯಾರನ್ನೂ ಸುಮ್ಮನೆ ಬಿಡುವವರಲ್ಲ. ಹೊಟ್ಟೆನೋವು ಅಂದವರನ್ನು ಎರಡು ಸುತ್ತು ಜಾಸ್ತಿ ಓಡಿಸಿದ್ದರು. ನನ್ನನ್ನು ಮಾತ್ರ ಒಂದು ಪ್ರಶ್ನೆಯನ್ನೂ ಕೇಳದೆ ಹೊಂಗೆ ಮರದ ಕೆಳಗೆ ಕೂರಿಸಿದರು. ಮೂರು ತಿಂಗಳು ಹಾಗೇ ಕೂತೆ. ಸರ್ ದಡ್ಡರು ಎಂದೇ ತಿಳಿದಿದ್ದೆ.

ನಮ್ಮದು ಕೆಂಚಾರ್ಲಹಳ್ಳಿಯಲ್ಲಿ ರೇಷ್ಮೆ ಹುಳ ಸಾಕುವ ಮನೆ. ಹುಳಕ್ಕೆ ವಾಸನೆ ಆಗುವುದಿಲ್ಲ. ಪೌಡರು, ಊದುಬತ್ತಿ, ಒಗ್ಗರಣೆಯ ಘಾಟು, ಯಾವುದೂ ಹುಳದ ಮನೆಯ ಬಾಗಿಲು ದಾಟಬಾರದು. ನನ್ನ ಅಜ್ಜಿ ಅಮ್ಮಾಜಮ್ಮ, ಬೀಡಿ ಸೇದಿ ಬಂದ ಸ್ವಂತ ಅಳಿಯನನ್ನೇ ಹೊರಗೆ ನಿಲ್ಲಿಸಿದವರು. ಹಾಗಾಗಿ ಶುಕ್ರವಾರ ಸ್ಕೂಲಿನಿಂದ ಬಂದ ತಕ್ಷಣ ನಾನು ಸೀಗೆಪುಡಿ ಹಾಕಿ ಕಾಲು ಉಜ್ಜಿ ತೊಳೆದುಕೊಳ್ಳುತ್ತಿದ್ದೆ.

ಜನವರಿಯ ಒಂದು ಶುಕ್ರವಾರ ಅದಾಗಲಿಲ್ಲ. ಹುಳ ಕೊನೆಯ ಸಲ ಪೊರೆ ಬಿಟ್ಟು, ಎಷ್ಟು ಹಾಕಿದರೂ ಸಾಲದು ಎಂಬಂತೆ ಮೇಯುತ್ತಿದ್ದ ಹೊತ್ತು. ಅವತ್ತು ಹಿಪ್ಪುನೇರಳೆ ಸೊಪ್ಪು ತರುವುದು ತಡವಾಗಿತ್ತು. ಅಮ್ಮ ಗೇಟಿನಲ್ಲೇ ನನ್ನ ಬ್ಯಾಗು ಇಸಕೊಂಡು ಸೊಪ್ಪಿನ ಹೊರೆ ಕೈಗಿಟ್ಟರು. ನಾನು ಒಳಗೆ ಹೋಗಿ ಕೆಳಗಿನ ಸಾಲಿನ ತಟ್ಟೆಗಳಿಗೆ ಮಂಡಿಯೂರಿ ಸೊಪ್ಪು ಹಾಕಿದೆ. ಸ್ವಲ್ಪ ಹೊತ್ತಿಗೆ ಅಜ್ಜಿ ಕರೆದರು. ಎಲ್ಲ ಕಡೆ ಸರಸರ ಮೇಯುವ ಸದ್ದಿತ್ತು. ನಾನು ಹಾಕಿದ ಸಾಲಿನಲ್ಲಿ ಮಾತ್ರ ಹುಳಗಳು ಎಲೆ ಮುಟ್ಟದೆ ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು.

"ಏಮೇ, ಏನು ಹಚ್ಕೊಂಡ್ ಬಂದಿದ್ದೀಯ?" ಎಂದು ಅಜ್ಜಿ ಕೇಳಿದರು.

ಅವರ ಮುಂದೆ ನನ್ನ ಸುಳ್ಳು ಒಂದು ನಿಮಿಷವೂ ನಿಲ್ಲಲಿಲ್ಲ. ಅಳುತ್ತಾ ಎಲ್ಲ ಹೇಳಿದೆ. ಅಜ್ಜಿ ಆ ಸೊಪ್ಪನ್ನು ತೆಗೆಸಿದರು, ಕಿಟಕಿ ತೆರೆಸಿದರು, ಬೇರೆ ಸೊಪ್ಪು ಹಾಕಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹುಳ ಬೆಳಗಾಗೋ ಹೊತ್ಗೆ ಸರಿಹೋಗ್ತವೆ," ಎಂದರು. "ನೀನು ಹೋಗಿ ನಿಮ್ ಮೇಷ್ಟ್ರಿಗೆ ನಿಜ ಹೇಳು."

ಮುಂದಿನ ಶುಕ್ರವಾರ ಮುಲಾಮು ಹಚ್ಚದೆ ಮೈದಾನಕ್ಕೆ ಹೋಗಿ, "ಸರ್, ನನಗೆ ಮಂಡಿನೋವಿಲ್ಲ. ಯಾವತ್ತೂ ಇರ್ಲಿಲ್ಲ" ಎಂದೆ.

ರಾಮಾಂಜಿನಪ್ಪ ಸರ್ ಊದಲು ಎತ್ತಿದ್ದ ವಿಷಲ್ ಕೆಳಗಿಳಿಸಿ ಹೇಳಿದರು: "ನಮ್ಮನೇಲೂ ಹುಳ ಸಾಕ್ತೀವಮ್ಮ. ಹುಳದ ಮನೆ ಮಗು ಮುಲಾಮು ಹಚ್ಕೊಂಡ್ ಬರ್ತೈತೆ ಅಂದ್ರೆ ನೋವು ತಡೀಲಾರದಷ್ಟು ಇರ್ಬೇಕು ಅಂದ್ಕೊಂಡೆ. ಚಿಂತಾಮಣೀಲಿ ನಂಗೆ ಗೊತ್ತಿರೋ ಡಾಕ್ಟ್ರಿಗೂ ಹೇಳಿದ್ದೀನಿ. ಸೋಮವಾರ ಕರ್ಕೊಂಡ್ ಬನ್ನಿ ಅಂದವ್ರೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ದಡ್ಡರೆಂದು ನಕ್ಕಿದ್ದ ಮನುಷ್ಯ ನಮ್ಮ ಮನೆಯನ್ನು ನೋಡಿ ನನ್ನನ್ನು ನಂಬಿದ್ದರು. ನನಗೆ ನಾಚಿಕೆಯಾಯಿತು.

"ಆಟ ಅಂದ್ರೆ ಇಷ್ಟ ಇಲ್ವಾ?" ಎಂದರು.

"ಇಷ್ಟ ಸರ್. ಬರಲ್ಲ, ಅಷ್ಟೆ."

ಬಾಯಿಗೆ ಬಂದ ಮೇಲೆಯೇ ಅದು ನಿಜವೆಂದು ನನಗೂ ಗೊತ್ತಾಗಿದ್ದು. ಮರದ ಕೆಳಗೆ ಕೂತ ಮೂರು ತಿಂಗಳೂ ನಾನು ಕಣ್ಣು ಕೀಳದೆ ಆಟವನ್ನೇ ನೋಡಿದ್ದೆ. ಇಷ್ಟವಿಲ್ಲದಿದ್ದರೆ ಅಷ್ಟು ಹೊಟ್ಟೆ ಉರಿಯುತ್ತಲೂ ಇರಲಿಲ್ಲ.

"ಬರ್ದಿದ್ರೆ ಔಟಾಗಮ್ಮ. ಔಟಾಗೋರೂ ಆಡೋರೇ. ಹೋಗು."

ಹೆಸರು ಕರೆಯುವುದು ಮುಗಿಯಿತು. ಅವತ್ತೂ ಉಳಿದವಳು ನಾನೇ. ಭಾನುಪ್ರಿಯಾ ಬೇಡವೆಂದಳು, ಆ ಕಡೆಯವರು ಗೊಣಗಿಕೊಂಡು ಸೇರಿಸಿಕೊಂಡರು. ಅವಳ ಕಡೆಯ ಒಂಬತ್ತು ಜನ ಹಿಡಿಯಲು ಸಾಲಿನಲ್ಲಿ ಸಿದ್ಧರಾದರು. ನಾನು ಓಡಿದೆ. ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿದೆ, ಕಂಬ ಸುತ್ತುವಾಗ ಜಾರಿದೆ, ಎದ್ದೆ, ಮತ್ತೆ ಓಡಿದೆ. ಭಾನುಪ್ರಿಯಾಳ ಕೈ ಬೆನ್ನಿಗೆ ಬಡಿಯಿತು. ನಾನೇ ಮೊದಲು ಔಟ್.

ಏದುಸಿರು ಬಿಡುತ್ತಾ ಬಂದು ಕೂತು, "ಎಷ್ಟೊತ್ತು ಸರ್?" ಎಂದೆ.

ಸರ್ ವಾಚು ನೋಡಿದರು. "ಹನ್ನೊಂದು ಸೆಕೆಂಡು."

ಪಕ್ಕದ ಹುಡುಗಿಯರು ಕಿಸಕ್ಕನೆ ನಕ್ಕರು. ನಗಲಿ. ತಂಡಕ್ಕೆ ಬೇಡವಾದ ನನ್ನನ್ನು ಹಿಡಿಯಲೇಬೇಕೆಂದು ಹನ್ನೊಂದು ಸೆಕೆಂಡು ಒಂಬತ್ತು ಜನ ಗಂಟಲು ಹರಿದು ಕೂಗಿದ್ದರು.