ಟಾರ್ಚಿನ ಬೆಳಕಿಗೆ ಕಂಡದ್ದು

ಬೇಲೂರು ತಾಲ್ಲೂಕಿನ ಮಕ್ಕಳನ್ನು ಬೇಲೂರು ಹಳೇಬೀಡಿಗೇ ಪ್ರವಾಸ ಕರೆದುಕೊಂಡು ಹೋಗುವುದೆಂದರೆ ಅವರಿಗೆ ಅವರ ಮನೆಯ ಹಿತ್ತಿಲನ್ನೇ ತೋರಿಸಿದಂತೆ. ಗೆಂಡೆಹಳ್ಳಿಯ ಆಚೆಗಿದ್ದ ಆ ಸಣ್ಣ ಹೈಸ್ಕೂಲಿನಲ್ಲಿ ವರ್ಷಾ ವರ್ಷಾ ಅದೇ ನಡೆಯುತ್ತಿತ್ತು. “ನಮ್ಮನ್ನ ನೋಡಿ ನೋಡಿ ಆ ಕಲ್ಲಿನ ಗೊಂಬೆಗಳ್ಗೂ ಬೇಜಾರಾಗೈತೆ ಮಿಸ್,” ಎಂದು ಒಂಬತ್ತನೇ ಕ್ಲಾಸಿನ ಗಾನವಿ ಅಂದಾಗ ಕನ್ನಡ ಕಲಿಸುವ ಯದುಗಿರಿ ಟೀಚರಿಗೆ ನಗು ತಡೆಯಲಾಗಲಿಲ್ಲ. ಅರಸೀಕೆರೆಯ ಟಾಕೀಸೊಂದರಲ್ಲಿ ಶಾಲೆಗಳಿಗೆಂದೇ ಬೆಳಗಿನ ಹೊತ್ತು ಮಕ್ಕಳ ಚಿತ್ರ ಹಾಕುತ್ತಾರೆಂದು ತಿಳಿದು, ಅವರೇ ಹೆಡ್‌ಮಾಸ್ಟರನ್ನು ಕಾಡಿ ಬೇಡಿ ಒಪ್ಪಿಸಿದರು. ಸಿನಿಮಾ ನೋಡಿ ಬಂದವರು ಒಂದೂವರೆ ಪುಟ ಬರೆಯಬೇಕು, ಅಷ್ಟೇ ಕರಾರು.

ಟಾಕೀಸಿನ ಬಾಗಿಲಲ್ಲೇ ಸಾಲು ನಿಂತುಹೋಯಿತು. ಬಿಸಿಲಿನಿಂದ ಒಳಗೆ ಕಾಲಿಡುವ ಜಾಗದಲ್ಲಿ ಅದೇ ಕ್ಲಾಸಿನ ಹೇಮಾಶ್ರೀ ಗೆಳತಿ ಗಾನವಿಯ ತೋಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

“ಏನ್ರೇ ಅದು, ಅಂಟಿನುಂಡೆ ಥರ? ಬಿಡ್ರೇ, ಒಬ್ಬೊಬ್ಬರಾಗಿ ನಡೀರಿ,” ಎಂದು ಯದುಗಿರಿ ಗದರಿದರು. ಇಬ್ಬರೂ ಪಕ್ಕ ಪಕ್ಕ ಕೂತರೆ ಹರಟೆಯೇ ಆದೀತೆಂದು ಬೇರೆ ಬೇರೆ ಸಾಲಿನಲ್ಲಿ ಕೂರಿಸಿದರು. ಗಾನವಿ ಏನೋ ಹೇಳಲು ಬಾಯಿ ತೆರೆದು ಹೇಮಾಶ್ರೀಯ ಮುಖ ನೋಡಿ ತನ್ನ ಸಾಲಿಗೆ ನಡೆದಳು.

ಚಿತ್ರ ಶುರುವಾಗಿ ಗಂಟೆಯ ಮೇಲಾಗಿತ್ತು. ಹೇಮಾಶ್ರೀ ಹೊರಗೆ ಹೋಗಲೆಂದು ಎದ್ದವಳು ಮೆಟ್ಟಿಲಿನಲ್ಲಿ ಎಡವಿ ಬಿದ್ದಳು. “ಏನಮ್ಮೀ, ಕುಡ್ಕಂಡ್ ಬಂದಿದ್ದೀಯಾ?” ಎಂದು ಯಾರೋ ಕೂಗಿದರು, ಸಾಲಿಗೆ ಸಾಲೇ ನಕ್ಕಿತು. ಟಾರ್ಚು ಹಿಡಿದು ಸೀಟು ತೋರಿಸುವ ಮುದುಕ ಜವರಯ್ಯ ಬಂದು ಅವಳನ್ನು ಎಬ್ಬಿಸಿದ. ಹೊರಗೆ ಕರೆದುಕೊಂಡು ಹೋಗಿ, ಕಾದಿದ್ದು ಮತ್ತೆ ಕರೆತಂದು ಕೂರಿಸಿದ. ಆಮೇಲೆ ಯದುಗಿರಿಯವರನ್ನು ವರಾಂಡಕ್ಕೆ ಕರೆದ.

“ನಂಗೆ ಯಾರ ಮುಖಾನೂ ಗೊತ್ತಿಲ್ಲ ತಾಯಿ, ಮೂವತ್ತು ವರ್ಷದಿಂದ ಬರೀ ಕಾಲೇ ನೋಡ್ಕಂಡ್ ಬಂದಿವ್ನಿ. ಬಿಸ್ಲಿಂದ ಬಂದೋರೆಲ್ಲ ಮೊದ್ಲು ಎಮ್ಮೆ ಕೆಸರಿಗಿಳಿದಂಗೆ ಕಾಲಿಕ್ತಾರೆ. ಕಾಲು ಗಂಟೆ ಕೂತ್ರೆ ಸರೋಯ್ತದೆ. ಈ ಮಗ ಅಷ್ಟೊತ್ತಿಂದ ಕತ್ಲಲ್ಲೇ ಕೂತೈತೆ, ಇನ್ನೂ ಅಂಗೇ ತಡಕ್ತೈತೆ. ಇದು ಇರುಳುಗಣ್ಣು ಕಣಮ್ಮ. ಬೈಬ್ಯಾಡಿ ಅದ್ನ.”

ಚಿತ್ರ ಮುಗಿದಾಗ ಅವನು ಹೇಮಾಶ್ರೀಯ ಕಾಲಿನ ಮುಂದೆ ಒಂದೊಂದೇ ಹೆಜ್ಜೆಗೆ ಬೆಳಕು ಚೆಲ್ಲುತ್ತ ಬೀದಿಯವರೆಗೂ ಬಂದ. ಹೊರಗೆ ಚುರುಚುರು ಬಿಸಿಲಿದ್ದರೂ ಟಾರ್ಚು ಆರಿಸುವುದನ್ನು ಮರೆತಿದ್ದ.

ವಾಪಸು ಬರುವಾಗ ಬಸ್ಸಿನಲ್ಲಿ ಯದುಗಿರಿ ಅವಳ ಪಕ್ಕ ಕೂತರು. ಜಾವಗಲ್ ದಾಟಿದ ಮೇಲೆ, ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು.

“ಐದನೇ ಕ್ಲಾಸಿಂದ ಮಿಸ್,” ಎಂದಳು ಹುಡುಗಿ. “ಹೊತ್ತು ಮುಳುಗಿದ್ ಮೇಲೆ ಬಿಳೀದು ಬಿಟ್ರೆ ಏನೂ ಕಾಣಾಕಿಲ್ಲ. ಸಂಜೆ ಬಸ್ಸಿಳಿದ್ ಮೇಲೆ ಗಾನವಿ ಬಿಳೀ ರಿಬ್ಬನ್ ಕಟ್ಕಂಡು ಮುಂದೆ ನಡೀತಾಳೆ. ಅದ್ನೇ ನೋಡ್ಕಂಡು ಮನೆಗೋಯ್ತೀನಿ.”

ಶಾಲೆಯ ಕೆಂಪು ರಿಬ್ಬನ್ ಬಿಟ್ಟು ಬಿಳಿಯದನ್ನು ಕಟ್ಟಿದ್ದಕ್ಕೆ ಯದುಗಿರಿ ಆ ಗಾನವಿಯನ್ನು ಎರಡು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದರು. ಆದರೂ ಅವಳು ಬಿಳಿಯದನ್ನು ಬಿಟ್ಟಿರಲಿಲ್ಲ.

“ಮನೇಲಿ ಹೇಳ್ಬೇಡಿ ಮಿಸ್,” ಎಂದಳು ಹೇಮಾಶ್ರೀ. “ಗೊತ್ತಾದ್ರೆ ಸ್ಕೂಲು ಬಿಡಿಸ್ಬಿಡ್ತಾರೆ.”

“ಹುಚ್ಚಿ, ಇದಕ್ಕೆಲ್ಲ ಔಷಧಿ ಇರುತ್ತೆ ಕಣೇ,” ಎಂದರು ಯದುಗಿರಿ. ಅವರಿಗೆ ಅನುಮಾನವೇ ಇರಲಿಲ್ಲ. ಇರುಳುಗುರುಡು ಜೀವಸತ್ವದ ಕೊರತೆಯಿಂದ ಬರುತ್ತದೆ, ಕ್ಯಾರೆಟ್ಟು, ಪರಂಗಿ, ಸೊಪ್ಪು ತಿಂದರೆ ಹೋಗುತ್ತದೆ ಎಂದು ವಿಜ್ಞಾನದ ಮೇಷ್ಟ್ರು ಇಲ್ಲದ ವರ್ಷಗಳಲ್ಲಿ ಅವರೇ ಪಾಠ ಮಾಡಿದ್ದರು. ಪ್ರಶ್ನೆಪತ್ರಿಕೆಯಲ್ಲಿ ಎರಡು ಅಂಕಕ್ಕೆ ಬರುತ್ತಿದ್ದ ಪ್ರಶ್ನೆ ಅದು.

ಮಾರನೆಯ ದಿನ ಮಕ್ಕಳು ಬರೆದು ತಂದರು. ಸಿನಿಮಾದಲ್ಲಿ ಕೆರೆ ಕೋಡಿ ಬಿದ್ದು ಊರೆಲ್ಲ ನೀರಾದದ್ದು, ಜನ ದಿಕ್ಕಾಪಾಲಾಗಿ ಓಡಿದ್ದು, ಎಲ್ಲರದ್ದೂ ಅದೇ. ಹೇಮಾಶ್ರೀಯ ಹಾಳೆಯಲ್ಲಿ ಮಾತ್ರ ನೀರಿರಲಿಲ್ಲ. ಒಬ್ಬ ಮುದುಕಿಯ ಗಲ್ಲ ನಡುಗಿದ್ದನ್ನು, ಅವಳು ಒಂದು ಕೊಡದ ಕಂಠವನ್ನು ಹಿಡಿದುಕೊಂಡಿದ್ದನ್ನು ಬರೆದಿದ್ದಳು. ಇಷ್ಟು ಸೂಕ್ಷ್ಮವಾಗಿ ನೋಡುವ ಮಗು ಮತ್ತೊಂದಿಲ್ಲ ಎಂದುಕೊಂಡು ಯದುಗಿರಿ ಹತ್ತಕ್ಕೆ ಹತ್ತು ಕೊಟ್ಟರು. ಅದೇ ಸಂಜೆ ಅವಳ ಮನೆಗೆ ಹೋಗಿ ಅಪ್ಪ ಬೋರಯ್ಯನಿಗೆ ಎಲ್ಲವನ್ನೂ ಹೇಳಿದರು.

ಬೋರಯ್ಯ ಒಳ್ಳೆಯ ಮನುಷ್ಯ. ತೆಂಗಿನಕಾಯಿ ಕೀಳಿಸುವ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿ, ಅದೇ ವಾರ ಮಗಳನ್ನು ಹಾಸನದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೊರಟ. ಯದುಗಿರಿಯೂ ಜೊತೆಗೆ ಹೋದರು. ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು, “ನಿಮ್ಮದು ಸಂಬಂಧದಲ್ಲೇ ಮದುವೆನಾ?”

“ಊಂ ಕಣವ್ವಾ, ನಮ್ಮ ಅಕ್ಕನ ಮಗ್ಳೇ. ಹೊರಗ್ಲಿಂದ ತಂದೋನಲ್ಲ ನಾನು,” ಎಂದ ಬೋರಯ್ಯ ಹೆಮ್ಮೆಯಿಂದ.

ಡಾಕ್ಟರಮ್ಮ ಹುಡುಗಿಯನ್ನು ನರ್ಸಿನ ಜೊತೆ ಕಾಫಿಗೆ ಕಳಿಸಿದರು. ತಮ್ಮ ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡು ಬೋರಯ್ಯನ ಪಕ್ಕ ಕೂತು ನಿಧಾನವಾಗಿ ಹೇಳಿದರು. ಇದು ಆಹಾರದ ಕೊರತೆಯಲ್ಲ. ಕಣ್ಣಿನ ಹಿಂದಿನ ಪದರ ಸವೆಯುತ್ತಿದೆ, ರಕ್ತದಲ್ಲೇ ಬಂದದ್ದು. ಈಗಲೇ ಪಕ್ಕದ್ದೆಲ್ಲ ಹೋಗಿದೆ. ಬಿದಿರಿನ ಕೊಳವೆಯಲ್ಲಿ ನೋಡಿದಂತೆ ನಡುವಿನದು ಮಾತ್ರ ಕಾಣುತ್ತದೆ. ಅದೂ ಉಳಿಯುವ ಭರವಸೆಯಿಲ್ಲ. ಔಷಧಿ ಇಲ್ಲ.

ಮುದುಕಿಯ ಗಲ್ಲ, ಕೊಡದ ಕಂಠ. ಯದುಗಿರಿಗೆ ಆ ಹಾಳೆ ಈಗ ಅರ್ಥವಾಯಿತು.

ಸೋಮವಾರದಿಂದ ಹೇಮಾಶ್ರೀ ಶಾಲೆಗೆ ಬರಲಿಲ್ಲ. ಹದಿನೈದು ದಿನ ಕಾದು ಯದುಗಿರಿ ಮತ್ತೆ ಆ ಮನೆಗೆ ಹೋದರು. ಬೋರಯ್ಯ ಎದ್ದು ಚಾಪೆ ಹಾಸಿದ, ಎಳನೀರು ಕೆತ್ತಿ ಕೊಟ್ಟ.

“ಸಂಜೆ ನಾನೇ ಬಸ್ಸಿಗೆ ಹತ್ತಿಸಿ ಕಳಿಸ್ತೀನಿ ಬೋರಯ್ಯ. ಬೇಕಾದ್ರೆ ಮನೇವರೆಗೂ ಬರ್ತೀನಿ.”

“ನೀವು ಎಲ್ಡು ವರ್ಸಕ್ಕೆ ರಿಟೈರಾಯ್ತೀರಿ. ಆಮ್ಯಾಕೆ?”

“ಕಣ್ಣಿಲ್ಲದವರಿಗೆ ಬೇರೆ ಶಾಲೆಗಳಿವೆ. ಬೆರಳಲ್ಲೇ ಓದೋದು ಕಲಿಸ್ತಾರೆ.”

“ಅಲ್ಲಿಗೆ ಕಳ್ಸಿದ್ರೆ ಸೀಮೆಗೆಲ್ಲ ಗೊತ್ತಾಗ್ತದೆ. ಇನ್ನೊಂದು ಮಗ ಐತೆ ಮೇಡಮ್ಮೋರೇ. ರಕ್ತದಾಗೇ ಐತೆ ಅಂದ್ರೆ ಅದ್ನ ಮದ್ವೆಗೆ ಯಾರು ಕೇಳ್ತಾರೆ ನಾಳೆ?” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಮನೇಲಿರ್ಲಿ ಬುಡಿ. ನಾವಿರೋವರ್ಗೂ ಅನ್ನ ಇಕ್ತೀವಿ.”

ಯದುಗಿರಿ ಎಳನೀರು ಮುಗಿಸಿದರು. ಹೊರಡಲೆಂದು ಎದ್ದಾಗ ತಾಯಿ ರಂಗಮ್ಮ ಹಿಂದೆಯೇ ಅಂಗಳಕ್ಕೆ ಬಂದಳು.

“ನಂಗೆ ಮೊದ್ಲಿಂದ್ಲೂ ಗೊತ್ತಿತ್ತು ಮಿಸ್,” ಎಂದಳು ಸಣ್ಣ ದನಿಯಲ್ಲಿ. “ತಟ್ಟೆ, ಚೊಂಬು, ಚಾಪೆ, ಯಾವ್ದನ್ನೂ ಜಾಗ ಬಿಟ್ಟು ಇಕ್ತಿರ್ಲಿಲ್ಲ ನಾನು, ಅವ್ಳು ತಡಕ್ಬಾರ್ದು ಅಂತ. ಇನ್ನೊಂದು ವರ್ಸ ಕಳೆದ್ರೆ ಎಸ್ಸೆಸ್ಸೆಲ್ಸಿ ಆಗ್ತಿತ್ತು ಅಂತ ಬಾಯಿ ಮುಚ್ಕಂಡಿದ್ದೆ.”

ತಾಯಿಗೆ ಗೊತ್ತಿತ್ತು, ಗೆಳತಿಗೆ ಗೊತ್ತಿತ್ತು, ಟಾರ್ಚಿನ ಮುದುಕನಿಗೂ ಬೈಯಬಾರದೆಂಬಷ್ಟು ಗೊತ್ತಿತ್ತು. ಎಲ್ಲರೂ ಸೇರಿ ಹೊತ್ತುಕೊಂಡಿದ್ದುದನ್ನು ಯದುಗಿರಿಯೊಬ್ಬರು ಕೆಳಗೆ ಬೀಳಿಸಿದ್ದರು.

“ನನ್ನಿಂದ ತಪ್ಪಾಯ್ತು ರಂಗಮ್ಮ.”

“ಅಯ್ಯೋ, ನೀವು ಒಳ್ಳೇದಕ್ಕೇ ಮಾಡಿದ್ರಿ,” ಎಂದು ರಂಗಮ್ಮ ಅವರ ಕೈ ಹಿಡಿದಳು. ಆ ಕೈಯ ಬಿಸಿಯೇ ಹೆಚ್ಚು ಸುಟ್ಟಿತು.

ಹೇಮಾಶ್ರೀ ಕೊಟ್ಟಿಗೆಯ ಮುಂದೆ ಅವರೆಕಾಯಿ ಸುಲಿಯುತ್ತಿದ್ದಳು. ಯದುಗಿರಿ ಪಕ್ಕದಿಂದ ಹೋಗಿ ನಿಂತರು. ಅವಳು ತಲೆ ಎತ್ತಲಿಲ್ಲ. ಕೋಪವೇನೋ ಎಂದುಕೊಂಡರು. ಎದುರಿಗೆ ಹೋಗಿ ಕೂತಾಗ ಅವಳ ಮುಖ ಅರಳಿತು.

“ಯಾವಾಗ್ ಬಂದ್ರಿ ಮಿಸ್? ಗೊತ್ತೇ ಆಗ್ಲಿಲ್ಲ.”

ಕಾಳು ಒಂದೊಂದಾಗಿ ಮೊರಕ್ಕೆ ಬೀಳುತ್ತಿದ್ದವು, ಕೆಲವು ಹೊರಗೆ ಬೀಳುತ್ತಿದ್ದವು. ಬಸ್ಸಿಗೆ ಹೊತ್ತಾಗುವವರೆಗೂ ಯದುಗಿರಿ ಅವಳ ಎದುರಿಗೇ ಕೂತು, ಹೊರಗೆ ಬಿದ್ದುದನ್ನು ಅವಳಿಗೆ ಸದ್ದು ಕೇಳದಂತೆ ಆರಿಸಿ ಒಳಗೆ ಹಾಕಿದರು.