ಅಕ್ಕ ಹೊಂದಿಸಿಕೊಟ್ಟ ಆಪ್

ದೋನ್ಕಾ ಬಾಟಲಿಯ ಬಿರಡೆ ತೆಗೆದು ತಂಗಿಯ ಕಾಲಮುಂದೆ ನೀರು ಸುರಿದಳು. ದೊಬ್ರುಜಾ ಬಯಲಿನ ಒಣಮಣ್ಣು ಅದನ್ನು ಕಣ್ಣೆದುರೇ ಕುಡಿದುಬಿಟ್ಟಿತು.

"ದಾಟು ಕಣೆ. ಬಲಗಾಲು ಮುಂದಿಡು. ಇವತ್ತು ಎಲ್ಲ ನೀರು ಹರಿದ ಹಾಗೆ ಸಲೀಸಾಗಿ ಆಗ್ಲಿ."

"ಹೋದ ವರ್ಷಾನೂ ಇದನ್ನೇ ಹೇಳಿದ್ದೆ ಅಕ್ಕಾ."

"ಹೋದ ವರ್ಷ ನೀನು ಹೆದರಿದ್ದೆ. ನೀರೇನು ಮಾಡತ್ತೆ?"

ನೆವೆನಾ ನಕ್ಕು ದಾಟಿದಳು. ಪರೀಕ್ಷೆಗೆ ಹೊರಟವರಿಗೆ, ಪಟ್ಟಣಕ್ಕೆ ಹೊರಟವರಿಗೆ, ಸೈನ್ಯಕ್ಕೆ ಹೊರಟವರಿಗೆ ಹೀಗೆ ನೀರು ಸುರಿದೇ ಕಳಿಸುವ ಜನ ಅವರು. ಅವ್ವ ತೀರಿಕೊಂಡಾಗ ನೆವೆನಾ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಅಂದಿನಿಂದ ಅವಳ ದಾರಿಗೆ ನೀರು ಸುರಿದವಳು ಅಕ್ಕನೇ. ಜಡೆ ಹೆಣೆದವಳು, ಲಾರಿ ಓಡಿಸಲು ಕಲಿಸಿದವಳು, ಕೈಗೆ ಬಂದೂಕು ಕೊಟ್ಟು ಉಸಿರು ಹಿಡಿಯುವುದನ್ನು ಹೇಳಿಕೊಟ್ಟವಳು, ಎಲ್ಲ ಅಕ್ಕನೇ.

ಈ ನೆವೆನಾ ಅಳ್ಳೆದೆಯವಳೆಂದು ಯಾರಾದರೂ ಹೇಳಿದರೆ ನಗು ಬರಬೇಕು. ರೊಡೋಪಿ ಬೆಟ್ಟಗಳಲ್ಲಿ ಚಳಿಗಾಲವಿಡೀ ಹಿಮ ತಳ್ಳುವ ಲಾರಿ ಓಡಿಸುವವಳು ಅವಳು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಎದುರಿಗೆ ಬಿಳಿ ಗೋಡೆ. ಅಲ್ಲಿ ನಡುಗದ ಕೈ ಅವಳದು. ಊರ ಮೇಲಿನ ಹುಲ್ಲುಗಾವಲಿನಲ್ಲಿ, ಕ್ಲಬ್ಬಿನವರು ಕಬ್ಬಿಣದ ಫಲಕ ನೆಟ್ಟು ಗುರಿ ಅಭ್ಯಾಸ ಮಾಡುವ ಜಾಗದಲ್ಲಿ, ಅವಳ ಸಮಕ್ಕೆ ನಿಲ್ಲುವವರಿಲ್ಲ. ಅಕ್ಕನೂ ನಿಲ್ಲಲಾರಳು. ಆದರೆ ಸ್ಪರ್ಧೆಯೆಂದು ಬಯಲಿಗೆ ಇಳಿದರೆ ಸಾಕು, ಅವಳ ಗುಂಡೆಲ್ಲ ಫಲಕದ ಕೆಳಗೆ ಮಣ್ಣಿಗೆ ಬಡಿಯುತ್ತಿತ್ತು. ಮನೇಲಿ ಹುಲಿ, ಬೀದೀಲಿ ಇಲಿ ಎಂದು ಬಯಲಿನವರು ಆಡಿಕೊಳ್ಳುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಮುಖದೆದುರೇ.

ಗುಂಡು ಕೆಳಗೆ ಬೀಳುವುದಕ್ಕೆ ಈ ವಿದ್ಯೆಯಲ್ಲಿ ಹಳೆಯ ಕಾರಣವೊಂದಿದೆ. ಹೆದರಿದವನು ಬಂದೂಕಿನ ಕುದುರೆಯನ್ನು ಮೆಲ್ಲಗೆ ಒತ್ತುವ ಬದಲು ಜಗ್ಗಿಬಿಡುತ್ತಾನೆ, ಮೂತಿ ತಗ್ಗುತ್ತದೆ. ದೋನ್ಕಾ ಹೇಳುತ್ತಿದ್ದದ್ದೂ ಅದನ್ನೇ. "ನಾಲ್ಕು ಜನ ನೋಡ್ತಾ ಇದ್ರೆ ನಿನ್ನ ಬೆರಳು ನಿನ್ನ ಮಾತು ಕೇಳಲ್ಲ" ಎನ್ನುತ್ತಿದ್ದಳು. ದೂರ, ಗಾಳಿ, ಗುಂಡಿನ ವೇಗ ತಿಳಿಸಿದರೆ ಗುರಿ ಎಷ್ಟು ಎತ್ತಬೇಕೆಂದು ಫೋನಿನಲ್ಲಿರುವ ಆಪ್ ಅಂಕಿ ಕೊಡುತ್ತದೆ. ಹಾಗಾದರೆ ಅದಕ್ಕಿಂತ ಸ್ವಲ್ಪ ಮೇಲಿಡುತ್ತೇನೆ ಎಂದರೆ ಸಿಟ್ಟಾಗುತ್ತಿದ್ದಳು. "ಆಪ್ ಹೇಳಿದ ಅಂಕಿ ಬದಲಾಯಿಸಬೇಡ. ತಪ್ಪು ನಿನ್ನ ಕೈಯದು. ತಪ್ಪಿಗೆ ತಕ್ಕ ಹಾಗೆ ಗುರಿ ಎತ್ತಿದ್ರೆ ತಪ್ಪೇ ಅಭ್ಯಾಸ ಆಗತ್ತೆ" ಎನ್ನುತ್ತಿದ್ದಳು. ಮಾತು ಎಷ್ಟು ಚೆನ್ನಾಗಿತ್ತೆಂದರೆ ನೆವೆನಾ ಅದನ್ನು ಕನ್ನಡಿಯ ಮುಂದೆ ನಿಂತು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಈ ಸಲ ಅವಳು ಶಪಥ ಮಾಡಿ ಬಂದಿದ್ದಳು. ಶರತ್ಕಾಲದಲ್ಲಿ ಹೊರದೇಶದ ಪಂದ್ಯಕ್ಕೆ ಹೋಗುವ ತಂಡದಲ್ಲಿ ಒಂದು ಜಾಗ ಖಾಲಿಯಿತ್ತು. ಇವತ್ತು ಬಯಲಿನಲ್ಲಿ ಗುರಿ ಮುಟ್ಟಿದರೆ ಅದು ಅವಳದು. ಇಲ್ಲವಾದರೆ ಬಂದೂಕು ಮಾರಿ, ಇನ್ನೆಂದೂ ಮುಟ್ಟುವುದಿಲ್ಲ. ಶಪಥ ಕೇಳಿದ ದೋನ್ಕಾ ತಂಗಿಯ ತಲೆ ಸವರಿ, "ಮಾರಬೇಡ್ವೇ, ಊರಲ್ಲಿ ಹೊಡೀತಾ ಇರು, ಅಷ್ಟೇ ಸಾಕಲ್ವಾ?" ಎಂದಿದ್ದಳು. ಅಕ್ಕನಿಗೆ ಎಷ್ಟು ಕರುಣೆ ಎಂದುಕೊಂಡಿದ್ದಳು ಈ ಹುಚ್ಚಿ.

ಬೆಳಗಿನ ಹೊತ್ತು ನೂರು ಮೀಟರಿನ ಸಾಲಿನಲ್ಲಿ ಎಲ್ಲರೂ ಬಂದೂಕು ಸರಿಯಿದೆಯೇ ಎಂದು ನೋಡಿಕೊಳ್ಳುತ್ತಾರೆ. ನೆವೆನಾಳ ಪಕ್ಕದ ಚಾಪೆಯಲ್ಲಿದ್ದವನು ಇಸ್ಕ್ರೆನ್, ಕರಾವಳಿ ಕಡೆಯ ಬಸ್ ಚಾಲಕ, ಹೊಟ್ಟೆ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಗುಂಡಿನ ವೇಗ ಅಳೆಯುವ ಪುಟ್ಟ ರೇಡಾರ್ ಪೆಟ್ಟಿಗೆಯನ್ನು ಹೊಸದಾಗಿ ಕೊಂಡಿದ್ದ. ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಕಂಡಕಂಡವರ ಗುಂಡನ್ನೆಲ್ಲ ಅಳೆಯುತ್ತಿದ್ದ.

"ಬಂದ್ಲಪ್ಪಾ ಬೆಟ್ಟದ ಹುಲಿ! ಹೊಡಿ ತಾಯಿ, ನಿನ್ನದೂ ನೋಡೋಣ."

ಅವಳು ಹೊಡೆದಳು. ಅವನು ಪೆಟ್ಟಿಗೆ ನೋಡಿದ. "ಸೆಕೆಂಡಿಗೆ ಎಂಟುನೂರ ಇಪ್ಪತ್ತೈದು ಮೀಟರ್."

"ನಿಮ್ಮ ಪೆಟ್ಟಿಗೆ ಕೆಟ್ಟಿದೆ ಇಸ್ಕ್ರೆನಣ್ಣ. ನನ್ನದು ಎಂಟುನೂರ ಅರವತ್ತೈದು."

"ಯಾರು ಹೇಳಿದ್ದು?"

"ನನ್ನ ಅಕ್ಕ. ಅವಳೇ ಅಳೆದು ಆಪ್‌ಗೆ ಹಾಕಿಕೊಟ್ಟಿದ್ದು."

"ಸರಿ, ಇನ್ನೊಂದು ಹೊಡಿ."

ಇನ್ನೊಂದು ಹೊಡೆದಳು. ಮತ್ತೊಂದು ಹೊಡೆದಳು. ಪೆಟ್ಟಿಗೆ ಒಂದಂಕಿ ಆಚೀಚೆ ಅದನ್ನೇ ಹೇಳಿತು. ಇಸ್ಕ್ರೆನ್ ತನ್ನ ಬಂದೂಕಿನಿಂದ ಹೊಡೆದು ತೋರಿಸಿದ, ಅವನದು ಅವನು ಮೊದಲೇ ಹೇಳಿದಷ್ಟೇ ಬಂತು. ಅವನ ಮುಖದಿಂದ ತಮಾಷೆ ಇಳಿಯಿತು.

"ಸೆಕೆಂಡಿಗೆ ನಲವತ್ತು ಮೀಟರ್ ಹೆಚ್ಚು ಹಾಕ್ಕೊಂಡು ಓಡಾಡ್ತಾ ಇದೀಯಲ್ಲ ಮಾರಾಯ್ತಿ! ಗುಂಡು ಬೇಗ ಹೋಗತ್ತೆ ಅಂದ್ಕೊಂಡು ಆಪ್ ನಿನಗೆ ಗುರಿ ತಗ್ಗಿಸಿ ಹೇಳತ್ತೆ. ಅದು ಕೆಳಗೆ ಬೀಳದೆ ಇನ್ನೇನು ಮಾಡತ್ತೆ?"

"ಊರಲ್ಲಿ ಇದೇ ಆಪ್ ಇಟ್ಕೊಂಡು ಒಂದೂ ತಪ್ಪದ ಹಾಗೆ ಹೊಡೀತೀನಲ್ಲ?"

"ಕೊಡಿಲ್ಲಿ."

ಅವನು ಫೋನ್ ಇಸಿದುಕೊಂಡು ಆಪ್‌ನ ಹವಾಮಾನದ ಪುಟ ತೆರೆದ. ಒಂದು ಕಡೆ ಬೆರಳಿಟ್ಟು ತೋರಿಸಿದ. ಗಾಳಿಯ ಒತ್ತಡ ಎಂಬಲ್ಲಿ, ನಿಂತ ಜಾಗದ ಒತ್ತಡ ಇರಬೇಕಾದ ಕಡೆ, ಸಮುದ್ರಮಟ್ಟದ ಒತ್ತಡ ಆರಿಸಿಟ್ಟಿತ್ತು. ಟಿವಿಯ ಹವಾಮಾನ ವರದಿಯಲ್ಲಿ ಓದುತ್ತಾರಲ್ಲ, ಆ ಅಂಕಿ. ಬೆಟ್ಟವಾಗಲಿ ಬಯಲಾಗಲಿ, ಸಮುದ್ರದ ದಡದಲ್ಲಿ ನಿಂತಿದ್ದೇವೆ ಎಂದುಕೊಂಡು ಕೊಡುವ ಲೆಕ್ಕ.

ನೆವೆನಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಊರಿನ ಹುಲ್ಲುಗಾವಲಿನಲ್ಲಿ ಗಾಳಿ ತೆಳು, ಗುಂಡಿಗೆ ತಡೆ ಕಡಿಮೆ. ಆಪ್‌ಗೆ ಮಾತ್ರ ಅಲ್ಲಿ ದಪ್ಪ ಗಾಳಿಯಿದೆ ಎಂದು ಸುಳ್ಳು ಹೇಳಿತ್ತು. ಆ ಸುಳ್ಳನ್ನು ಸರಿದೂಗಿಸಲು ವೇಗದ ಸುಳ್ಳು. ಬೆಟ್ಟದ ಮೇಲೆ ಎರಡು ಸುಳ್ಳೂ ಒಂದನ್ನೊಂದು ಹೊಡೆದುಹಾಕಿ ಗುಂಡು ಫಲಕಕ್ಕೆ ತಾಗುತ್ತಿತ್ತು. ಬಯಲಿಗಿಳಿದರೆ ಗಾಳಿ ನಿಜವಾಗಿಯೂ ದಪ್ಪ, ಮೊದಲನೆಯ ಸುಳ್ಳು ನಿಜವಾಗುತ್ತಿತ್ತು. ಎರಡನೆಯದು ಒಂಟಿಯಾಗಿ ಉಳಿದು ಅವಳ ಗುಂಡನ್ನು ಮಣ್ಣಿಗೆ ಹಾಕುತ್ತಿತ್ತು.

"ಮೊದಲು ಒತ್ತಡ ತಪ್ಪು ಹಾಕಿ, ಆಮೇಲೆ ಗುಂಡು ತಾಗ್ಲಿಲ್ಲ ಅಂತ ವೇಗಕ್ಕೆ ತೇಪೆ ಹಚ್ಚಿರಬೇಕು ನಿನ್ನ ಅಕ್ಕ" ಎಂದ ಇಸ್ಕ್ರೆನ್. "ಹೊಸಬರು ಮಾಡ್ತಾರೆ ಇಂಥ ತಪ್ಪು."

ಹೊಸಬರು! ಪ್ರತಿ ವಸಂತದಲ್ಲಿ ಕ್ಲಬ್ಬಿಗೆ ಸೇರುವ ಹೊಸಬರನ್ನು ಕೂರಿಸಿಕೊಂಡು ಆಪ್ ಹೊಂದಿಸುವುದನ್ನು ಹೇಳಿಕೊಡುವವಳೇ ದೋನ್ಕಾ. ಅವಳ ಪಾಠದ ಮೊದಲ ಮಾತೇ ಅದು: "ಟಿವಿಯವನು ಹೇಳೋ ಒತ್ತಡ ಹಾಕಬೇಡಿ, ನೀವು ನಿಂತ ಜಾಗದ್ದು ಹಾಕಿ, ಇಲ್ಲಾಂದ್ರೆ ಬಯಲಿಗೆ ಹೋದಾಗ ಮಾನ ಹೋಗತ್ತೆ." ಆ ಮಾತು ಹೇಳುವಾಗಲೆಲ್ಲ ನೆವೆನಾ ಅಲ್ಲೇ ನಿಂತು ಅವರಿಗೆಲ್ಲ ಚೀಸ್ ತುಂಬಿ ಬೇಯಿಸಿದ ಬಾನಿತ್ಸಾ ಹಂಚುತ್ತಿದ್ದಳು. ತನ್ನ ಫೋನ್ ತೆರೆದು ನೋಡಬೇಕೆಂದು ಅವಳಿಗೆ ಒಮ್ಮೆಯೂ ಅನಿಸಿರಲಿಲ್ಲ. ಅವ್ವ ಬಡಿಸಿದ ಅನ್ನವನ್ನು ಯಾರಾದರೂ ಮೂಸಿ ನೋಡಿ ಉಣ್ಣುತ್ತಾರೆಯೇ?

ಆದರೂ ಮನಸ್ಸು ಒಪ್ಪಲಿಲ್ಲ. ತಂಗಿಯದೆಂದು ಅವಸರದಲ್ಲಿ ಮಾಡಿರಬಹುದು, ಅಕ್ಕ ಅಳೆದ ಪೆಟ್ಟಿಗೆ ಆವತ್ತು ಕೆಟ್ಟಿರಬಹುದು, ಕೇಳಿದರೆ ಅಕ್ಕ ಹಣೆ ಚಚ್ಚಿಕೊಂಡು ಅತ್ತಾಳು ಎಂದುಕೊಂಡಳು. ನಡುಗುವ ಬೆರಳುಗಳಿಂದ, ಹೌದು, ಅವತ್ತು ಮೊದಲ ಬಾರಿಗೆ ಅವು ನಡುಗಿದವು, ನಿಜವಾದ ವೇಗ ಹಾಕಿದಳು. ಸಮುದ್ರಮಟ್ಟದ್ದನ್ನು ತೆಗೆದು, ಕೈಯಲ್ಲಿ ಹಿಡಿಯುವ ಗಾಳಿಮಾಪಕವನ್ನು ಫೋನಿಗೆ ಜೋಡಿಸಿದಳು. ಬಯಲಿನ ಒತ್ತಡ, ಶಾಖ, ತೇವ ಒಂದೊಂದಾಗಿ ಬಂದು ಕೂತವು. ಎಂಟುನೂರು ಮೀಟರಿನ ಫಲಕಕ್ಕೆ ಆಪ್ ಹೊಸ ಅಂಕಿ ಕೊಟ್ಟಿತು. ಹಳೆಯದಕ್ಕೂ ಇದಕ್ಕೂ ಗುರಿಯಲ್ಲಿ ಒಂದು ಮೊಳಕ್ಕಿಂತ ಹೆಚ್ಚು ವ್ಯತ್ಯಾಸ. ಇಷ್ಟು ವರ್ಷ ಅವಳನ್ನು ಇಲಿ ಮಾಡಿದ್ದು ಆ ಒಂದು ಮೊಳ.

ಅಕ್ಕನಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ.

ಅವಳ ಸರದಿ ಬಂತು. ಒಂದೊಂದು ದೂರಕ್ಕೂ ಒಂದೊಂದು ಫಲಕ, ಒಂದು ಫಲಕಕ್ಕೆ ಒಂದೇ ಗುಂಡು. ಹೊಡೆಯುವವರ ಪಕ್ಕದಲ್ಲಿ ದೂರದರ್ಶಕ ಹಿಡಿದು ಗುಂಡು ಎಲ್ಲಿ ಬಿತ್ತೆಂದು ಹೇಳಲು ಒಬ್ಬರಿರಬಹುದು. ನೆವೆನಾಳಿಗೆ ಯಾವಾಗಲೂ ದೋನ್ಕಾ.

ಮೊದಲು ಎಂಟುನೂರರ ಫಲಕ. ಕೊಯ್ಲಾದ ಗೋಧಿ ಹೊಲದಾಚೆ ಬಿಳಿ ಚುಕ್ಕಿಯಂತೆ ಕಾಣುತ್ತಿತ್ತು. ನೆವೆನಾ ಮಲಗಿ, ಬಂದೂಕಿನ ದುರ್ಬೀನಿನ ತಿರುಪನ್ನು ಆಪ್ ಹೇಳಿದ ಅಂಕಿಗೆ ತಿರುಗಿಸಿ, ಅರ್ಧ ಉಸಿರು ಬಿಟ್ಟು ಕುದುರೆ ಒತ್ತಿದಳು.

"ಕೆಳಗೆ" ಎಂದಳು ದೋನ್ಕಾ.

ಗುಂಡು ಅಲ್ಲಿಗೆ ಮುಟ್ಟಲು ಒಂದು ಗಳಿಗೆ ಬೇಕು. ದೋನ್ಕಾ ಅಷ್ಟೂ ಕಾಯಲಿಲ್ಲ. ಅವಳ ಮಾತು ಮುಗಿದ ಮೇಲೆ ಹೊಲದಾಚೆಯಿಂದ ಕಬ್ಬಿಣ ಟಣ್ಣೆಂದ ಸದ್ದು ಸಾವಕಾಶವಾಗಿ ಬಂತು.

"ತಾಗಿದೆ!" ಎಂದು ತೀರ್ಪುಗಾರ ಕೂಗಿದ.

ನೆವೆನಾ ತಲೆ ತಿರುಗಿಸಿ ಅಕ್ಕನನ್ನು ನೋಡಿದಳು. ಒಂದು ಸಣ್ಣ ನಗು ಬೇಕಾಗಿತ್ತು ಅವಳಿಗೆ, ಒಂದು 'ಭಲೇ' ಬೇಕಾಗಿತ್ತು. ಅಷ್ಟು ಸಿಕ್ಕಿದ್ದರೆ ಎಲ್ಲವನ್ನೂ ಕೈತಪ್ಪು ಎಂದು ನಂಬಿಬಿಡುತ್ತಿದ್ದಳು. ದೋನ್ಕಾ ದೂರದರ್ಶಕದಿಂದ ಕಣ್ಣು ತೆಗೆದಿದ್ದಳು. ಅವಳ ಮುಖ ಸುಣ್ಣದ ಹಾಗಾಗಿತ್ತು.

"ನಿನ್ನ ಫೋನ್ ಯಾರು ಮುಟ್ಟಿದ್ದು?" ಎಂದಳು.

ಬೇಲಿಯೇ ಎದ್ದು ಹೊಲ ಮೇಯುವುದು ಎನ್ನುತ್ತಾರಲ್ಲ, ಹೊಲಕ್ಕೆ ಅದು ತಿಳಿಯುವ ಗಳಿಗೆ ಹೇಗಿರುತ್ತದೆಂದು ಯಾರೂ ಹೇಳಿಲ್ಲ. ಸಮಯ ಓಡುತ್ತಿತ್ತು. ಹಿಮದಲ್ಲಿ ಲಾರಿ ಜಾರಿದಾಗ ಅಳಲು ಕೂರುವುದಿಲ್ಲ, ಚಕ್ರ ಹಿಡಿಯುತ್ತಾರೆ. ನೆವೆನಾ ಮುಂದಿನ ಫಲಕಕ್ಕೆ ಅಂಕಿ ತಿರುಗಿಸಿದಳು. ಟಣ್ಣೆಂದಿತು. ಅದರ ಮುಂದಿನದೂ ಟಣ್ಣೆಂದಿತು. ಕಣ್ಣು ತುಂಬಿ ಬಂದದ್ದರಿಂದ ಒಂದು ತಪ್ಪಿತು, ಉಳಿದದ್ದೆಲ್ಲ ತಾಗಿತು. ಹಿಂದೆ ಸಾಲಿನಲ್ಲಿ ನಿಂತಿದ್ದ ಇಸ್ಕ್ರೆನ್ ಶಿಳ್ಳೆ ಹಾಕಿದ.

ಕಾರುಗಳು ನಿಂತಿದ್ದ ಕಡೆ ಅಕ್ಕ ಬೆನ್ನಹಿಂದೆಯೇ ಬಂದಳು.

"ಹೇಳು" ಎಂದಳು ನೆವೆನಾ. "ಮರೆತೆ ಅಂತಾದ್ರೂ ಹೇಳು. ನಾನು ನಂಬ್ತೀನಿ."

ದೋನ್ಕಾ ದೂರದರ್ಶಕವನ್ನು ಕಾರಿನ ಮೇಲಿಟ್ಟಳು. "ನಿನಗೆ ಕಲಿಸಿದವಳು ನಾನು. ಎರಡೇ ಬೇಸಿಗೇಲಿ ನನ್ನನ್ನ ಮೀರಿಸಿಬಿಟ್ಟೆ. ಊರಲ್ಲಿ ಎಲ್ಲರ ಬಾಯಲ್ಲೂ ನೆವೆನಾ, ನೆವೆನಾ. ಊರನ್ನ ನಿನಗೇ ಬಿಟ್ಟೆನಲ್ಲೇ! ಹೊರಗಿನ ಪಂದ್ಯದಲ್ಲಿ ಗೆಲ್ಲೋದೊಂದು ನನಗಿರ್ಲಿ ಅಂದ್ಕೊಂಡೆ. ಅಷ್ಟೇ."

"ಅಷ್ಟೇನಾ?"

"ನೀನು ಸೋತು ಬಂದಾಗೆಲ್ಲ ನಾನೇ ತಾನೆ ಸಮಾಧಾನ ಮಾಡಿದ್ದು?"

"ಅದೇ ಅಕ್ಕಾ. ಅದೇ ನನ್ನನ್ನ ಕೊಲ್ತಾ ಇರೋದು. ಗೆಲ್ಲೋ ಆಸೆ ಇದ್ರೆ ಬಂದೂಕು ಕೆಡಿಸಬಹುದಿತ್ತು. ನೀನು ನನ್ನ ಕೈ ಮೇಲೆ ನನಗಿದ್ದ ನಂಬಿಕೆ ಕೆಡಿಸಿದೆ. ಹಿಮದಲ್ಲಿ ಲಾರಿ ಹತ್ತುವಾಗ್ಲೂ ಈ ಕೈ ನಡುಗುವ ಕೈ ಅಂತ ಹೆದರ್ತಿದ್ದೆ ಕಣೆ ನಾನು. ಯಾರಿಗೂ ಹೇಳಿರ್ಲಿಲ್ಲ, ನಿನಗೊಬ್ಬಳಿಗೇ ಹೇಳಿದ್ದೆ. ಅವತ್ತು ನೀನು ನನ್ನ ಕೈ ಹಿಡ್ಕೊಂಡು ಕೂತಿದ್ದೆ."

ದೋನ್ಕಾ ಅಳತೊಡಗಿದಳು. ಬೇರೆ ದಿನವಾಗಿದ್ದರೆ ನೆವೆನಾ ಓಡಿಹೋಗಿ ಅವಳ ಕಣ್ಣೊರೆಸುತ್ತಿದ್ದಳು. ಕಾಲು ಏಳಲಿಲ್ಲ.

ಮಧ್ಯಾಹ್ನದ ಸುತ್ತಿಗಾಗಿ ಹೆಸರು ಕರೆದರು. ತೀರ್ಪುಗಾರ ಹಲಗೆ ಹಿಡಿದು ಕೇಳಿದ. "ನೆವೆನಾ, ದೂರದರ್ಶಕಕ್ಕೆ ಯಾರು? ಅಕ್ಕನೇ ತಾನೆ?"

ಅವಳು ತಲೆಯನ್ನು ಮೇಲಕ್ಕೆತ್ತಿ ನಾಲಿಗೆ ಲೊಚಗುಟ್ಟಿದಳು. ಅವರಲ್ಲಿ ಇಲ್ಲವೆನ್ನುವುದು ಹಾಗೆ. "ಯಾರೂ ಇಲ್ಲ."

"ಒಬ್ಬಳೇನಾ?"

"ಒಬ್ಬಳೇ."

ಚಾಪೆಯ ಕಡೆ ಹೊರಟಾಗ ದೋನ್ಕಾ ದಾರಿಗೆ ಅಡ್ಡ ಬಂದಳು. ಮುಖ ಊದಿತ್ತು, ಕೈಯಲ್ಲಿ ಅದೇ ಬಾಟಲಿ. ಅಭ್ಯಾಸವೋ, ಕ್ಷಮೆ ಕೇಳುವ ರೀತಿಯೋ, ಬಿರಡೆ ಆಗಲೇ ತೆಗೆದಿದ್ದಳು. ಬಾಗಿ, ತಂಗಿಯ ಕಾಲಮುಂದೆ ನೀರು ಸುರಿದಳು.

"ದಾಟೇ" ಎಂದಳು, ಅವ್ವ ಹೇಳುತ್ತಿದ್ದ ದನಿಯಲ್ಲಿ.

ನೆವೆನಾ ಆ ತೇವದ ಗೆರೆಯನ್ನು ನೋಡುತ್ತ ನಿಂತಳು. ಹುಟ್ಟಿದಾಗಿನಿಂದ ಅದನ್ನು ದಾಟದೆ ಅವಳು ಯಾವ ದೊಡ್ಡ ಕೆಲಸಕ್ಕೂ ಹೋದವಳಲ್ಲ. ಆಮೇಲೆ ಬಂದೂಕನ್ನು ಹೆಗಲಿಗೇರಿಸಿ, ನೀರನ್ನು ಬಳಸಿಕೊಂಡು, ಒಣಮಣ್ಣಿನ ಮೇಲೆ ನಡೆದುಹೋದಳು.