ಮಂಗಳ ಗೃಹ

"ಮಂಗಳ ಗೃಹ ಅಂದ್ರ ಯಾವುದೋ ಕಲ್ಯಾಣ ಮಂಟಪದ ಹೆಸರಿದ್ದಂಗ ಅದ," ಎನ್ನುತ್ತ ಗೋದಾಬಾಯಿ ಹದಿನೇಳನೆಯ ಗೃಹವನ್ನು ಕೆಂಪು ಪೆನ್ನಿನಿಂದ ಗ್ರಹ ಮಾಡಿದರು. "ಆಕಾಶದಾಗ ತಿರುಗೋದು ಗ್ರಹ. ನಾವು ಉಂಡು ಮಲಗೋದು ಗೃಹ. ನಾಲ್ಕು ಮಂದಿ ಸೇರಿ ಬರದೀರಿ, ಒಬ್ಬರಿಗೂ ಗೊತ್ತಾಗಲಿಲ್ಲೇನ?"

ಎದುರಿಗೆ ಕುಳಿತ ಗಂಗಾಂಬಿಕಾ ತಲೆ ತಗ್ಗಿಸಿದಳು. ಒಂಬತ್ತನೆಯ ತರಗತಿಯ ಹುಡುಗಿ, ಸಂಡೂರು ತಾಲ್ಲೂಕಿನ ಬಂಡ್ರಿಯವಳು. ಪಕ್ಕದಲ್ಲಿ ಅವಳ ವಿಜ್ಞಾನದ ಟೀಚರು ವಂದನಾ ಗಡಿಯಾರ ನೋಡಿಕೊಳ್ಳುತ್ತಿದ್ದರು. ಮಕ್ಕಳ ಈ ಪ್ರಾಜೆಕ್ಟು ನಾಳೆ ಬಳ್ಳಾರಿಯ ಜಿಲ್ಲಾ ಸ್ಪರ್ಧೆಗೆ ಹೋಗಬೇಕು. ಸಂಜೆಯೊಳಗೆ ತಿದ್ದಿ ಮತ್ತೆ ಪ್ರಿಂಟ್ ತೆಗೆಸಬೇಕು. ಅದಕ್ಕೇ ಇಬ್ಬರೂ ಬೆಳಗಿನ ಬಸ್ಸಿಗೆ ಹೊಸಪೇಟೆಗೆ ಬಂದು ಗೋದಾಬಾಯಿಯವರ ಮನೆಯ ಪಡಸಾಲೆಯಲ್ಲಿ ಕುಳಿತಿದ್ದರು. ಗೋದಾಬಾಯಿ ಇಲ್ಲಿನ ಪ್ರೆಸ್ಸೊಂದರಲ್ಲಿ ಮೂವತ್ತೆರಡು ವರ್ಷ ಪ್ರೂಫ್ ನೋಡಿದವರು. ಅವರ ಕಣ್ಣು ತಪ್ಪಿಸಿ ಒಂದು ಒತ್ತಕ್ಷರವೂ ಹೋಗಲಾರದೆಂದು ಊರೆಲ್ಲ ಹೇಳುತ್ತಿತ್ತು. ಅವರೂ ಹೇಳುತ್ತಿದ್ದರು.

ಓದುತ್ತ ಹೋದಂತೆ ಪೆನ್ನು ನಿಧಾನವಾಯಿತು. ಮಂಗಳನ ಮಣ್ಣು ಕೆಂಪಗಿರುವುದು ಕಬ್ಬಿಣಕ್ಕೆ ತುಕ್ಕು ಹಿಡಿದದ್ದರಿಂದ. ಅಲ್ಲಿ ಸೂರ್ಯ ಮುಳುಗುವಾಗ ಸುತ್ತಲಿನ ಆಕಾಶ ನೀಲಿ. ಧೂಳು ಎದ್ದರೆ ಕೆಲವು ಸಲ ಇಡೀ ಗ್ರಹವನ್ನೇ ಮುಚ್ಚುತ್ತದೆ, ವಾರಗಟ್ಟಲೆ ಇಳಿಯುವುದಿಲ್ಲ. ಪಂಚಾಂಗದ ಕರಡುಗಳಲ್ಲಿ ಗೋದಾಬಾಯಿ ಕುಜ ಎಂಬ ಶಬ್ದವನ್ನು ಸಾವಿರಾರು ಸಲ ಕಂಡಿದ್ದರು. ಕುಜದೋಷವೆಂದು ಎಷ್ಟೋ ಹುಡುಗಿಯರ ಲಗ್ನ ತಪ್ಪಿದ್ದನ್ನೂ ಕಂಡಿದ್ದರು. ಆ ಕುಜನಿಗೊಂದು ನೆಲವಿದೆ, ನೆಲದ ಮೇಲೆ ಗಾಳಿ ಬೀಸುತ್ತದೆ ಎಂದು ಮಾತ್ರ ಒಂದು ದಿನವೂ ಹೊಳೆದಿರಲಿಲ್ಲ.

"ಕಡೀ ಪುಟ ನೋಡಬ್ಯಾಡ್ರಿ, ಬಾಯಾರ," ಎಂದರು ವಂದನಾ. "ಇಪ್ಪತ್ತು ಪುಟ ಮೀರಬಾರದು ಅಂತ ರೂಲ್ಸ್ ಅದ. ಇದು ಇಪ್ಪತ್ತೊಂದನೇದು. ಇಕಿ ತನ್ನ ಮನಿ ಸುದ್ದಿ ಬರದಾಳ. ತಗದುಬಿಡ್ತೀವಿ."

ಗಂಗಾಂಬಿಕಾ ಆ ಹಾಳೆಯ ಮೂಲೆಯನ್ನು ಹಿಡಿದುಕೊಂಡಳು. "ಉಳದಿದ್ದೆಲ್ಲಾ ಪುಸ್ತಕ ನೋಡಿ ಬರದದ್ದು ರೀ ಟೀಚರ್. ನಾ ಮಾಡಿದ್ದು ಇದೊಂದ ಐತ್ರಿ."

"ಪ್ರೂಫ್ ಅಂದಮ್ಯಾಲ ಪೂರ್ತಿ ನೋಡಬೇಕು," ಎಂದು ಗೋದಾಬಾಯಿ ಹಾಳೆಯನ್ನು ಎಳೆದುಕೊಂಡರು. ಕೈಗೆ ರೂಢಿಯಾಗಿಬಿಟ್ಟಿತ್ತು; ಎರಡು ಕಡೆ ಕಂಡ ಗೃಹವನ್ನು ಮೊದಲೇ ಗ್ರಹ ಎಂದು ತಿದ್ದಿ, ಆಮೇಲೆ ಗಟ್ಟಿಯಾಗಿ ಓದಿದರು.

"ನಮ್ಮ ಗ್ರಹದಲ್ಲಿ ನಾಲ್ಕು ಜನರಿದ್ದೇವೆ. ಬಾಗಿಲು ಹಾಕಿದರೂ ಗಣಿಯ ಕೆಂಪು ಧೂಳು ಒಳಗೆ ಬರುತ್ತದೆ. ಮಂಗಳಕ್ಕೆ ಹೋದ ಯಂತ್ರಗಳು ಧೂಳು ಹಿಡಿಯಲು ಅಯಸ್ಕಾಂತ ಒಯ್ದಿದ್ದವು. ನಾನು ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನು ನಮ್ಮ ಗ್ರಹದ ಕಿಟಕಿಗೆ ಕಟ್ಟಿದೆ. ಏಳು ದಿನಕ್ಕೆ ಅದಕ್ಕೆ ಗಡ್ಡ ಬಂದಿತು."

"ಅಜ್ಜಿ, ಅಲ್ಲಿ ಗೃಹಾನ ರೀ," ಎಂದಳು ಹುಡುಗಿ ಮೆಲ್ಲಗೆ. "ನಮ್ಮನಿ."

ಗೋದಾಬಾಯಿ ಕನ್ನಡಕ ತೆಗೆದರು. ಸರಿ ಇದ್ದದ್ದನ್ನು ತಪ್ಪು ಮಾಡಿದ್ದು ಅವರ ಜೀವಮಾನದಲ್ಲಿ ಇದೇ ಮೊದಲು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ತಾವು ಕೆಡಿಸಿದ ಸಾಲನ್ನೇ ಇನ್ನೊಮ್ಮೆ ಓದಿದರು. ನಮ್ಮ ಗ್ರಹದಲ್ಲಿ ನಾಲ್ಕು ಜನರಿದ್ದೇವೆ. ಬಂಡ್ರಿಯ ಆ ಮನೆ ಕೆಂಪು ಧೂಳಿನೊಳಗೆ, ನಾಲ್ಕು ಜನರನ್ನು ಹೊತ್ತುಕೊಂಡು, ಆಕಾಶದಲ್ಲಿ ತಿರುಗುತ್ತಿರುವಂತೆ ಅವರಿಗೆ ಕಂಡಿತು.

ಹುಡುಗಿ ಚೀಲದಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದಳು. ಬಳೆಯಷ್ಟಗಲದ ಅಯಸ್ಕಾಂತ, ಅದರ ಸುತ್ತ ಧೂಳು ಮುಳ್ಳುಮುಳ್ಳಾಗಿ ನಿಂತಿತ್ತು. ಗೋದಾಬಾಯಿ ಬೆರಳು ತಾಗಿಸಿದರು.

"ಅಲ್ಲೂ ಹಿಂಗ ಹತ್ತಿತ್ತೇನ?"

"ಹತ್ತಿತ್ರಿ. ಫೋಟೋದಾಗ ನೋಡೀನಿ."

ಗೋದಾಬಾಯಿ ಮೊದಲ ಪುಟ ತಿರುವಿದರು. ಅದು ಪೂರ್ತಿ ಕೃತಜ್ಞತೆಯ ಪುಟ: ಹನ್ನೊಂದು ಹೆಸರು, ಸುತ್ತ ಹೂಬಳ್ಳಿ.

"ವಂದನಾ, ಇದನ್ನ ತಗೀರಿ. ಲೆಕ್ಕ ಇಪ್ಪತ್ತಕ್ಕ ಬರ್ತದ."

"ಅಯ್ಯ, ಹೆಡ್‌ಮಾಸ್ತರ ಹೆಸರ ಮೊದಲನೇದು ಅದ ರೀ."

"ಅವರಿಗೆ ನಾ ಫೋನ್ ಹಚ್ಚತೀನಿ. ಅವರ ಲಗ್ನಪತ್ರಿಕಿ ಪ್ರೂಫ್ ನೋಡಿದಾಕಿ ನಾನ. ವರನ ಹೆಸರ ತಪ್ಪಿತ್ತು. ತಿದ್ದದಿದ್ರ ಆವತ್ತ ಬ್ಯಾರೆ ಯಾರದೋ ಲಗ್ನ ಆಗ್ತಿತ್ತು."

ವಂದನಾ ನಕ್ಕರು. ಕೊನೆಯ ಪುಟವನ್ನು ತಾವೇ ತೆಗೆದುಕೊಂಡು ಓದಿದರು, ಅಯಸ್ಕಾಂತವನ್ನು ನೋಡಿದರು, ಮತ್ತೆ ಓದಿದರು. ಹೂಬಳ್ಳಿಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ಇಟ್ಟುಕೊಂಡರು.

ತಿದ್ದಿದ್ದು ಬೇಡ, ಇದ್ದಂತೆಯೇ ಇರಲಿ ಎನ್ನಲು ಪ್ರೆಸ್ಸಿನಲ್ಲಿ ಶಬ್ದದ ಕೆಳಗೆ ಸಾಲಾಗಿ ಚುಕ್ಕಿ ಇಡುತ್ತಾರೆ. ಗೋದಾಬಾಯಿ ಕಿಟಕಿಯ ಸಾಲಿನ ಗೃಹದ ಕೆಳಗೆ ಚುಕ್ಕಿ ಇಟ್ಟರು. ಮೊದಲ ಸಾಲಿಗೆ ಬಂದಾಗ ಪೆನ್ನು ನಿಂತಿತು.

"ಇದನ್ನ ನೀನ ಹೇಳವಾ."

ಹುಡುಗಿ ಆ ಸಾಲನ್ನು ತುಟಿ ಅಲುಗಿಸುತ್ತ ಎರಡು ಸಲ ಓದಿಕೊಂಡಳು. "ಅದೊಂದು ನೀವು ತಿದ್ದಿದಂಗ ಇರ್ಲಿ ಬಿಡ್ರಿ, ಅಜ್ಜಿ," ಎಂದಳು.

ಗೋದಾಬಾಯಿ ಪೆನ್ನಿಗೆ ಮುಚ್ಚಳ ಹಾಕಿದರು. ಅಯಸ್ಕಾಂತ ಮುಟ್ಟಿದ ಬೆರಳ ತುದಿ ಧೂಳಿನಿಂದ ಕೆಂಪಗಾಗಿತ್ತು. ಒರೆಸಿಕೊಳ್ಳಲೆಂದು ಸೆರಗು ಹಿಡಿದವರು ಒರೆಸಿಕೊಳ್ಳದೆ, ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತ ಕುಳಿತರು.